ಫಾಸ್ಟರ್ ಕೇರ್‌ಗೆ ಬಂದ ಪುಟ್ಟ ಮಗುವಿನ ಹಠ: ಎಬಿಸಿ ತರಬೇತಿಯೋ, ಪಿಸಿಐಟಿಯೋ?

ಫಾಸ್ಟರ್ ಕೇರ್‌ಗೆ, ಅಂದರೆ ಹೆತ್ತವರ ಬದಲು ಬೇರೆ ಕುಟುಂಬದ ತಾತ್ಕಾಲಿಕ ಪೋಷಣೆಗೆ, ಬಂದ ಪುಟ್ಟ ಮಗು ಕಚ್ಚುತ್ತದೆ, ಹೊಡೆಯುತ್ತದೆ, ಎತ್ತಿಕೊಳ್ಳಲು ಹೋದರೆ ದೂಡುತ್ತದೆ ಅಂದ್ರೆ, ದೊಡ್ಡದಾದ ಮೇಲೆ ಸರಿಹೋಗುತ್ತೆ ಅಂತ ಸುಮ್ನೆ ಕಾಯಬೇಡಿ. ಈ ವಯಸ್ಸಿಗೆ ಹೊಂದುವ ಎರಡು ತರಬೇತಿಗಳಿವೆ: ಎಬಿಸಿ ಮತ್ತು ಪಿಸಿಐಟಿ. ಎರಡರಲ್ಲೂ ಜಾಸ್ತಿ ಕಲಿಯುವುದು ನೀವೇ.

ಎಬಿಸಿಯನ್ನು (ಅಟ್ಯಾಚ್‌ಮೆಂಟ್ ಅಂಡ್ ಬಯೋಬಿಹೇವಿಯರಲ್ ಕ್ಯಾಚ್-ಅಪ್) ಅಮೆರಿಕದ ಮನೋವಿಜ್ಞಾನಿ ಮೇರಿ ಡೋಜಿಯರ್ ರೂಪಿಸಿದರು. ಸುಮಾರು 6 ತಿಂಗಳಿಂದ 4 ವರ್ಷದ ಮಕ್ಕಳಿಗೆ. ತರಬೇತುದಾರರು ವಾರಕ್ಕೊಮ್ಮೆಯಂತೆ 10 ಸಲ ಮನೆಗೇ ಬರುತ್ತಾರೆ. ಮಗು ಬಿದ್ದು, ಅಳದೆ ಮುಖ ತಿರುಗಿಸಿತು ಅನ್ನಿ. ಮಗುವಿಗೆ ನಾನು ಬೇಡವೇನೋ ಅಂತ ನಿಮಗೆ ಅನ್ನಿಸುತ್ತದೆ, ಅಲ್ವಾ? ಆದರೂ ನೀವು ಹತ್ತಿರ ಹೋಗಿ ಬೆನ್ನು ಸವರಿದರೆ, ತರಬೇತುದಾರರು ಆ ಕ್ಷಣದಲ್ಲೇ ಅದನ್ನು ಗುರುತಿಸಿ ಮೆಚ್ಚುತ್ತಾರೆ. ನೊಂದ ಮಗು ಆಸರೆ ಬೇಕಿದ್ದಾಗಲೂ ದೂರ ತಳ್ಳಬಹುದು. ಅದಕ್ಕೇ ಈ ಅಭ್ಯಾಸ ಇಷ್ಟು ಮುಖ್ಯ.

ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರ್‌ಆ್ಯಕ್ಷನ್ ಥೆರಪಿ) 2ರಿಂದ 7 ವರ್ಷದವರಿಗೆ. ಸಾಮಾನ್ಯವಾಗಿ ಕೇಂದ್ರಕ್ಕೆ ಹೋಗಬೇಕು. ನೀವು ಮಗುವಿನ ಜೊತೆ ಆಡುವಾಗ ಗಾಜಿನ ಆಚೆಯಿಂದ ಚಿಕಿತ್ಸಕರು ಇಯರ್‌ಫೋನ್‌ನಲ್ಲಿ ಹೇಳಿಕೊಡುತ್ತಾರೆ. ಮೊದಲು ಆಟ, ಮೆಚ್ಚುಗೆ. ಆಮೇಲೆ, ಮಗು ನಿಮ್ಮ ಮಾತು ಪಾಲಿಸುವಂತೆ ಮಾಡುವ ಹಂತ.

ಹೊಸದಾಗಿ ಬಂದ, ಯಾರನ್ನೂ ನಂಬದ ಮಗುವಿಗೆ ನಾನಂತೂ ಎಬಿಸಿಯನ್ನೇ ಹೇಳುತ್ತೇನೆ. ಹೊಂದಿಕೊಂಡಿದೆ, ಆದರೆ ಹೊಡೆಯುವುದು ನಿಂತಿಲ್ಲ ಅಂದ್ರೆ ಪಿಸಿಐಟಿ. ಎರಡಕ್ಕೂ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಮತ್ತು ಮಾತಿನ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಗುವನ್ನೂ ಹಠಮಾರಿ ಅಂದುಕೊಳ್ಳುವುದುಂಟು.