ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ, ಆದರೂ ಸಿ.ಟಿ. ಬೇಕೆಂದರು

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎದೆಯ ಎಡಭಾಗದಲ್ಲಿ ಬೆಳ್ಳಗಿನ ಗಂಟೊಂದು ಕಂಡಿತ್ತು. ಎಂಟನೇ ತಿಂಗಳಿಗೆ ಅದು ಕಾಣಲಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ‘ಕರಗಿಹೋಗಿದೆ, ನಿಶ್ಚಿಂತೆಯಿಂದಿರಿ’ ಎಂದರು. ನಾವೂ ಹಾಗೆಯೇ ಇದ್ದೆವು. ಮಗಳು ಹಾಲು ಕುಡಿಯುತ್ತಿದ್ದಳು, ತೂಕ ಏರುತ್ತಿತ್ತು.

ಅತ್ತಿಗೆಯ ಕಾಟ ತಾಳಲಾರದೆ ಮಕ್ಕಳ ಶಸ್ತ್ರಚಿಕಿತ್ಸೆಯ ವಿಭಾಗವೊಂದಕ್ಕೆ ಹೋದೆ. ವೈದ್ಯೆ ಮೊದಲು ಕೇಳಿದ್ದೇ ಐದನೇ ತಿಂಗಳ ಸ್ಕ್ಯಾನನ್ನು. ದಿನ ತುಂಬುತ್ತಾ ಬಂದಂತೆ ಸುತ್ತಲಿನ ಶ್ವಾಸಕೋಶವೂ ಸ್ಕ್ಯಾನಿಂಗ್‌ನಲ್ಲಿ ಬೆಳ್ಳಗಾಗಿ ಗಂಟು ಅದರಲ್ಲಿ ಮರೆಯಾಗುತ್ತದಂತೆ. ಹುಟ್ಟಿದ ಮೇಲಿನ ಎಕ್ಸ್-ರೇಗೂ ಸಿಗದಿರಬಹುದಂತೆ. ರಕ್ತನಾಳಕ್ಕೆ ಔಷಧ ಕೊಟ್ಟು ಸಿ.ಟಿ. ಮಾಡಿದಾಗ ಗಂಟು ಇದ್ದಲ್ಲಿಯೇ ಇತ್ತು. ಹೆಸರು ಸೀಕ್ವೆಸ್ಟ್ರೇಶನ್, ಅಂದರೆ ಉಸಿರಾಟಕ್ಕೆ ಸೇರದ ಶ್ವಾಸಕೋಶದ ತುಂಡು.

ವರದಿಯ ಹಿಂಬದಿಯಲ್ಲಿ ಅವರು ಪೆನ್ಸಿಲ್‌ನಿಂದ ಚಿತ್ರ ಬರೆದರು. ಕೆಳಹಾಲೆಯ (ಶ್ವಾಸಕೋಶದ ಕೆಳಗಿನ ಭಾಗದ) ಆ ತುಂಡಿಗೆ ಶ್ವಾಸನಾಳದ ನಂಟೇ ಇಲ್ಲ, ರಕ್ತ ಮಾತ್ರ ಮಹಾಪಧಮನಿಯಿಂದಲೇ ಬರುತ್ತದೆ. ದುಡಿಮೆಯಿಲ್ಲ, ಊಟ ಮಾತ್ರ ಯಜಮಾನನ ಪಂಕ್ತಿಯಲ್ಲಿ! ಬಿಟ್ಟರೆ ಪದೇಪದೇ ಸೋಂಕಾಗಬಹುದು. ಶಸ್ತ್ರಚಿಕಿತ್ಸೆಯಲ್ಲಿ ಆ ರಕ್ತನಾಳವನ್ನು ಬಿಗಿಯುವ ಮೊದಲೇ ಅದು ಕೈತಪ್ಪಿದರೆ ವಪೆಯ (ಎದೆ-ಹೊಟ್ಟೆಯ ನಡುವಿನ ಪರದೆಯ) ಕೆಳಗೆ ಸರಿದು ವಿಪರೀತ ರಕ್ತಸ್ರಾವವಾಗಬಹುದು ಎಂಬುದನ್ನೂ ಒಪ್ಪಿಗೆ ಪತ್ರದ ಸಹಿಗೆ ಮೊದಲೇ ಹೇಳಿದರು. ನನ್ನ ಕೈ ನಡುಗಿತು. ಆದರೂ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ.

ಆರು ತಿಂಗಳಿಗೆ ಶಸ್ತ್ರಚಿಕಿತ್ಸೆ. ಮೂರು ಸಣ್ಣ ರಂಧ್ರಗಳ ಮೂಲಕ ಎಡಗಡೆಯ ಕೆಳಹಾಲೆಯನ್ನು ತೆಗೆದರು. ಈ ವಯಸ್ಸಿನಲ್ಲಿ ಉಳಿದ ಶ್ವಾಸಕೋಶ ಬೆಳೆದು ಜಾಗ ತುಂಬಿಕೊಳ್ಳುತ್ತದೆ ಎಂದರು. ಎದೆಯಿಂದ ಹೊರಬಂದ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿತ್ತು. ಅವಳು ಅತ್ತಾಗಲೆಲ್ಲ ಶ್ವಾಸಕೋಶದಿಂದ ಸೋರಿದ ಗಾಳಿ ಅದರಲ್ಲಿ ಗುಳ್ಳೆಯಾಗಿ ಏಳುತ್ತಿತ್ತು. ಅತ್ತರೂ ಗುಳ್ಳೆ ಬರದಿದ್ದರೆ ಕೊಳವೆ ತೆಗೆಯಬಹುದು ಎಂದಿದ್ದರು ದಾದಿ. ಎರಡು ರಾತ್ರಿ ನಾನು ಮಗಳಿಗಿಂತ ಹೆಚ್ಚಾಗಿ ಬಾಟಲಿಯನ್ನೇ ನೋಡಿದೆ. ಮೂರನೆಯ ಬೆಳಿಗ್ಗೆ ಅವಳು ಕಿರುಚಿ ಅತ್ತಳು, ನೀರು ಅಲುಗಿತು, ಗುಳ್ಳೆ ಬರಲಿಲ್ಲ. ಮಗು ಅತ್ತಿದ್ದಕ್ಕೆ ಅಷ್ಟು ಖುಷಿಪಟ್ಟ ತಾಯಿ ಬಹುಶಃ ನಾನೊಬ್ಬಳೇ.

ದೂರುಗಳೂ ಇವೆ. ಸಿ.ಟಿ. ದಿನ ನಾಲ್ಕು ಗಂಟೆ ಎದೆಹಾಲು ನಿಲ್ಲಿಸಲು ಹೇಳಿ, ಒಳಗೆ ಕರೆದದ್ದು ಆರು ಗಂಟೆ ಕಳೆದ ಮೇಲೆ. ತೆಗೆದ ಹಾಲೆಯ ಪ್ರಯೋಗಾಲಯದ ವರದಿಗಾಗಿ ಮೂರು ಸಲ ಅಲೆದೆ. ಕ್ಯಾನ್ಸರಿನ ಅಂಶವಿಲ್ಲ ಎಂಬ ಒಂದೇ ಸಾಲು; ಅದನ್ನು ಫೋನಿನಲ್ಲಿ ಹೇಳಬಹುದಿತ್ತು.