ತುಮಕೂರಿನಲ್ಲಿ ಕಂಟೆಂಪರರಿ ಡ್ಯಾನ್ಸ್: ಸ್ಟುಡಿಯೋ, ಬೆಂಗಳೂರು, ಇಲ್ಲಾ ಶಾಲೆ ಹಾಲ್?

ನನ್ನ ಓಟು ಶಾಲೆ ಹಾಲ್‌ಗೆ. ಬೆಂಗಳೂರಿನ ಒಂದು ಡ್ಯಾನ್ಸ್ ಕಂಪನಿ ನಮ್ಮ ಬಡಾವಣೆಯ ಶಾಲೆಯಲ್ಲಿ ನಡೆಸಿದ ಶಿಬಿರ ಅದು. ಯಾರು ಬೇಕಾದರೂ ಬರಬಹುದಿತ್ತು, ಫೀಸು ಇರಲಿಲ್ಲ. ಅದಕ್ಕೂ ಮುಂಚೆ ಇಲ್ಲಿನ ಒಂದು ಸ್ಟುಡಿಯೋಗೆ ಸೇರಿದ್ದೆ, ಬೆಂಗಳೂರಿನ ಭಾನುವಾರದ ಕ್ಲಾಸಿಗೂ ರೈಲು ಹತ್ತಿದ್ದೆ.

ಸ್ಟುಡಿಯೋದಲ್ಲಿ ಕನ್ನಡಿ, ಎಸಿ, ಸೌಂಡು ಎಲ್ಲ ಜೋರು. ತೊಂದರೆ ನೆಲದ್ದು. ಫಳಫಳ ಹೊಳೆಯುವ ಗ್ರಾನೈಟ್. ಶೂ ಹಾಕಿಕೊಂಡು ಸಿನಿಮಾ ಹಾಡಿಗೆ ಕುಣಿಯುವವರಿಗೆ ಹೇಗೋ ನಡೆಯುತ್ತೆ. ಕಂಟೆಂಪರರಿ ಬರಿಗಾಲಿನದು, ಅರ್ಧ ಪಾಠ ನೆಲದ ಮೇಲೇ. ಬೀಳಬೇಕು, ಉರುಳಬೇಕು, ಜಾರಿಕೊಂಡು ಏಳಬೇಕು. ಗ್ರಾನೈಟ್ ಏಟನ್ನು ಒಂಚೂರೂ ನುಂಗುವುದಿಲ್ಲ, ಪೂರ್ತಿ ಮಂಡಿಗೇ ವಾಪಸ್ ಕೊಡುತ್ತದೆ. ಸ್ವಲ್ಪ ದಿನಕ್ಕೇ ಬಲಮಂಡಿ ಊದಿಕೊಂಡು ಚಕ್ಕಳಮಕ್ಕಳ ಹಾಕಿ ಕೂರಲಿಕ್ಕೂ ಆಗಲಿಲ್ಲ.

ಮ್ಯಾಟ್ ಹಾಕಿಸಿ ಅಂದೆ. "ಮ್ಯಾಟ್ ಮೇಲೆ ವಿಡಿಯೋ ಚೆನ್ನಾಗಿ ಬರಲ್ಲ ಮೇಡಂ" ಅಂದರು. ಮಂಡಿಗೆ ಹಾಕುವ ಪ್ಯಾಡ್ ಕೊಂಡೆ, ಉರುಳಿದಾಗಲೆಲ್ಲ ಅದು ಮೀನಖಂಡಕ್ಕೆ ಜಾರುತ್ತಿತ್ತು. ಮೂರು ತಿಂಗಳ ಫೀಸು ಮುಂಗಡವೇ ಕಟ್ಟಿಸಿಕೊಂಡಿದ್ದರು. ವಾಪಸ್ ಕೇಳಿದರೆ, ಹಾಡಿಗೆ ಕುಣಿಯುತ್ತಾ ಕಸರತ್ತು ಮಾಡೋ ಜುಂಬಾ ಬ್ಯಾಚಿಗೆ ಅಡ್ಜಸ್ಟ್ ಮಾಡಿಕೊಡ್ತೀವಿ ಅಂದರು. ಮಂಡಿ ಊದಿದವಳಿಗೆ ಜುಂಬಾ!

ಬೆಂಗಳೂರಿನ ಕ್ಲಾಸಿನಲ್ಲಿ ನೆಲ ಅಂದರೆ ನೆಲ. ಮರದ ಹಲಗೆ, ಅದರಡಿ ಟೊಳ್ಳು ಜಾಗ, ಮೇಲೆ ವಿನೈಲ್ ಹಾಸು. ನೆಗೆದರೆ ನೆಲವೂ ಸ್ವಲ್ಪ ಬಗ್ಗುತ್ತದೆ. ಕಲಿಸುವವರಿಗೂ ಅಲ್ಲಿ ಬರವಿಲ್ಲ. ಅಟ್ಟಕ್ಕಲರಿ 1992ರಲ್ಲಿ, ನಾಟ್ಯ ಸ್ಟೆಮ್ 1995ರಲ್ಲಿ, ನೃತರುತ್ಯ 2000ದಲ್ಲಿ, ಹೀಗೆ ಡ್ಯಾನ್ಸ್ ಕಂಪನಿಗಳು ಶುರುವಾದ ಊರು. ಆದರೆ ಒಂದು ಕ್ಲಾಸಿಗೆ 70 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ ಬಂದು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಓಡೋದು ನನ್ನ ಕೈಲಾಗಲ್ಲ.

ಶಾಲೆ ಹಾಲ್‌ನದೂ ಸಿಮೆಂಟ್ ನೆಲವೇ. ಕಲಿಸಲು ಬಂದವರಿಗೆ ಅದು ಗೊತ್ತಿತ್ತು. ಜಮಖಾನೆ ಹಾಸಿ, ಮೇಲೆ ಶಾಲೆಯ ಕಬಡ್ಡಿ ಮ್ಯಾಟ್ ಹಾಕಿದರು. ನೆಗೆಯುವುದನ್ನು ಪೂರ್ತಿ ಕೈಬಿಟ್ಟರು. ಮೊದಲು ಕಲಿಸಿದ್ದೇ ಬೀಳೋದು. ಉಸಿರು ಬಿಡುತ್ತಾ ಇಳಿಯಬೇಕು, ಮೀನಖಂಡದ ಹೊರಬದಿ, ಆಮೇಲೆ ತೊಡೆ, ಆಮೇಲೆ ಸೊಂಟದ ಪಕ್ಕ ನೆಲಕ್ಕೆ ತಾಗಬೇಕು. ಮಂಡಿಚಿಪ್ಪು ತಾಗಲೇಬಾರದು. "ಮಾಂಸ ಇರೋ ಕಡೆ ಬೀಳಿ" ಅಂದರು ಮೇಷ್ಟ್ರು.

ಜೊತೆಗೆ ಹೈಸ್ಕೂಲ್ ಹುಡುಗಿಯರು, ಹೂ ಕಟ್ಟುವ ಅಕ್ಕ, ಸೋಮನ ಕುಣಿತ ಬಲ್ಲ ತಾತ. ಮೇಷ್ಟ್ರು ತಾತನ ಹೆಜ್ಜೆಯನ್ನೇ ಎಲ್ಲರಿಗೂ ಪಾಠ ಮಾಡಿದರು. ಮಂಡಿ ಸಡಿಲ ಬಿಟ್ಟು ಭಾರವನ್ನು ಪಾದದಿಂದ ಪಾದಕ್ಕೆ ದಾಟಿಸೋದು ತಾತನಿಗೆ ಸಲೀಸು, ನಮಗೆ ಬೆವರು. ನಿಲ್ಲಲಾಗದ ಅಜ್ಜಿಯರಿಗೆ ಕುರ್ಚಿ ಹಾಕಿದ್ದರು. ಅಮೆರಿಕದ ಮಾರ್ಕ್ ಮಾರಿಸ್ ಡ್ಯಾನ್ಸ್ ಕಂಪನಿ 2001ರಿಂದ ಬ್ರೂಕ್ಲಿನ್‌ನಲ್ಲಿ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯವರಿಗೆ ಕ್ಲಾಸು ನಡೆಸುತ್ತಿದೆ, ಅಲ್ಲೂ ಶುರುವಾಗೋದು ಕುರ್ಚಿಯ ಮೇಲೇ.

ಕೊರತೆ ಇಲ್ಲ ಅಂತಲ್ಲ. ಫ್ಯಾನು ಒಂದೇ, ಕನ್ನಡಿ ಇಲ್ಲ, ಮುಂದಿನ ಶಿಬಿರ ಯಾವಾಗ ಅಂತ ಯಾರೂ ಹೇಳಲ್ಲ.

ರೀಲ್ಸು, ಸ್ಟೇಜು ಅಂತ ಆಸೆ ಇರುವ ಕಾಲೇಜು ಮಕ್ಕಳಿಗೆ ಸ್ಟುಡಿಯೋ ಸಾಕು. ದುಡ್ಡು ಕಟ್ಟೋ ಮುಂಚೆ ನೆಲದ ಮೇಲೆ ಒಮ್ಮೆ ಮಂಡಿಯೂರಿ ನೋಡಿ. ಡ್ಯಾನ್ಸನ್ನೇ ವೃತ್ತಿ ಮಾಡಿಕೊಳ್ಳುವವರು, ಯಶವಂತಪುರದ ಕಡೆ ನೆಂಟರಿದ್ದರೆ, ಬೆಂಗಳೂರಿಗೇ ಹೋಗಿ. ನನಗೆ ನಲವತ್ತು ಹತ್ತಿರ, ಭಾನುವಾರ ವಾರದ ಬಟ್ಟೆ ಒಗೆಯೋದಿರುತ್ತೆ, ಡ್ಯಾನ್ಸಿಗೆ ಅಂತ ಜಾಸ್ತಿ ಎತ್ತಿಡಲೂ ಆಗಲ್ಲ. ಈಗ ಶಿಬಿರದವರೇ ಶನಿವಾರ ಸಂಜೆ ಅದೇ ಹಾಲ್‌ನಲ್ಲಿ ಸೇರುತ್ತೇವೆ, ಹೆಡ್‌ಮಾಸ್ಟರು ಬೀಗದ ಕೈ ಕೊಡುತ್ತಾರೆ. ಮತ್ತೆ ಬನ್ನಿ ಅಂತ ಕಂಪನಿಗೆ ಕಾಗದ ಹಾಕಿದ್ದೇವೆ. ಊಟ, ಉಳಿಯೋ ವ್ಯವಸ್ಥೆ ನಮ್ಮದು ಅಂತಲೂ ಬರೆದಿದ್ದೇವೆ.