ಪಿಪ್, ಕಾಂಡಾ, ಡಾಕರ್, ಪೆನ್‌ಡ್ರೈವ್: ಕೋಲಾರದಲ್ಲಿ ನಾಲ್ಕನ್ನೂ ಕೊಟ್ಟು ನೋಡಿದೆ

"ಅಕ್ಕಾ, ನೀವು ಬರೆದಿದ್ದನ್ನ ಹಾಗೇ ಹೊಡೆದೆ. ಡಾಲರ್ ಅನ್ನೋ ಕಮಾಂಡೇ ಇಲ್ಲ ಅಂತಿದೆ."

ಬಂಗಾರಪೇಟೆಯ ಹುಡುಗಿಯೊಬ್ಬಳು ಫೋನಿನಲ್ಲಿ ಹೀಗಂದಾಗ ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯ್ತು. ನಮ್ಮ ಪ್ರೋಗ್ರಾಂನ ಇನ್‌ಸ್ಟಾಲ್ ಸೂಚನೆಯ ಪ್ರತಿ ಸಾಲಿನ ಮುಂದೆ ನಾನು $ ಚಿಹ್ನೆ ಹಾಕಿದ್ದೆ. ಲಿನಕ್ಸ್ ಬಳಸಿ ರೂಢಿ ಇರುವವರಿಗೆ ಅದು ಬರೀ ಗುರುತು, ಟೈಪ್ ಮಾಡಬೇಕಾದ್ದಲ್ಲ. ಅದನ್ನು ಅವಳಿಗೆ ಹೇಳಿದವರು ಯಾರು? ನಾನಂತೂ ಹೇಳಿರಲಿಲ್ಲ.

ನಮ್ಮದು ಸಣ್ಣ ಪ್ರೋಗ್ರಾಂ, ಪೈಥಾನ್‌ನಲ್ಲಿ ಬರೆದದ್ದು, ಓಪನ್ ಸೋರ್ಸ್. ಸೆಂಟಿನೆಲ್-2 ಉಪಗ್ರಹದ ಚಿತ್ರ ಕೊಟ್ಟರೆ ಕೆರೆಯಲ್ಲಿ ನೀರು ಎಷ್ಟು ಜಾಗದಲ್ಲಿ ನಿಂತಿದೆ ಅಂತ ಹೇಳುತ್ತದೆ. ನೀರು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಆ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಹಸಿರು ಬೆಳಕಿನ ಚಿತ್ರದ ಜೊತೆ ಹೋಲಿಸಿ ಲೆಕ್ಕ ಹಾಕಿದರೆ ಮುಗೀತು. ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್. ನೂರು ಚೌಕಕ್ಕೆ ಒಂದು ಹೆಕ್ಟೇರ್. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಲ್ಲಿ ಶುದ್ಧೀಕರಿಸಿ ಕಳಿಸುವ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ನಮ್ಮ ಕಡೆ ಯಾರ ಕೆರೆಗೆ ಎಷ್ಟು ನೀರು ಬಂತು ಅನ್ನೋದು ಟೀ ಅಂಗಡಿ ಮಾತಾಗಿಬಿಟ್ಟಿದೆ. ಅದಕ್ಕೇ ಈ ಪ್ರೋಗ್ರಾಂ ಕೇಳೋರು ಇದ್ದಾರೆ.

ಅದನ್ನು ಇನ್‌ಸ್ಟಾಲ್ ಮಾಡೋಕೆ ನಾಲ್ಕು ದಾರಿ ಇವೆ. ಕೇಳಿದವರಲ್ಲಿ ಮೂರು ಕಡೆ ಅವುಗಳ ಸೂಚನೆ ಕೊಟ್ಟು ನೋಡಿದೆ. ಒಂದು, ಬಂಗಾರಪೇಟೆ ಹುಡುಗಿಯ ಲ್ಯಾಪ್‌ಟಾಪ್: ವಿಂಡೋಸ್ 10, 4 ಜಿಬಿ ರ‍್ಯಾಮ್, ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಎರಡು, ಮಾಲೂರಿನ ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು. ಮಗನ ಹಳೇ ಕಂಪ್ಯೂಟರ್‌ಗೆ ಉಬುಂಟು 24.04 ಹಾಕಿಕೊಂಡಿದ್ದಾರೆ. ಮೂರು, ಕೋಲಾರದ ಒಂದು ಕಾಲೇಜಿನ ಲ್ಯಾಬ್. ಹೆಸರು ಬೇಡ. ಐದು ಕಂಪ್ಯೂಟರ್, ಆಮೆ ವೇಗದ ನೆಟ್, ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವವರು ಯಾವಾಗಲೂ ರಜೆ.

ಪಿಪ್

ಪೈಥಾನ್‌ಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ನೆಟ್‌ನಿಂದ ತಂದು ಹಾಕುವ ಸಲಕರಣೆ ಇದು. ಸೂಚನೆ ಬರೆಯೋಕೆ ಇದರಷ್ಟು ಸುಲಭ ಇನ್ನೊಂದಿಲ್ಲ. ಪೈಥಾನ್ ಹಾಕಿ, ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರೋಗ್ರಾಂನ ಲೈಬ್ರರಿಗಳಿಗೇ ಮೀಸಲಾದ ಜಾಗ) ಮಾಡಿ, ಪಿಪ್ ಇನ್‌ಸ್ಟಾಲ್ ಕೊಡಿ. ಮೂರು ಸಾಲು. ನನ್ನ ಕಂಪ್ಯೂಟರ್‌ನಲ್ಲಿ ಎರಡು ನಿಮಿಷದ ಕೆಲಸ. ಮೋಸ ಇರೋದೇ ಅಲ್ಲಿ. ನನ್ನ ಕಂಪ್ಯೂಟರ್‌ನಲ್ಲಿ ಎಂಟು ವರ್ಷದಿಂದ ಒಂದೊಂದೇ ತುಂಬಿಸಿಟ್ಟ ಸಾಮಾನಿದೆ. ಸಾಮಾನಿರುವ ಅಡುಗೆಮನೆಯಲ್ಲಿ ನಿಂತು 'ಒಗ್ಗರಣೆ ಹಾಕಿ' ಅಂದ ಹಾಗೆ. ಅವರ ಮನೆಯಲ್ಲಿ ಸಾಸಿವೆ ಇದೆಯೋ ಇಲ್ಲವೋ ನೋಡಿದವರು ಯಾರು?

ಹುಡುಗಿ ಡಾಲರ್ ತೆಗೆದು ಮತ್ತೆ ಹೊಡೆದಳು. ಪೈಥಾನ್ ಅಂತ ಟೈಪ್ ಮಾಡಿದ ತಕ್ಷಣ ಆ್ಯಪ್ ಸ್ಟೋರ್ ತೆರೆದುಕೊಂಡಿತು. ಪೈಥಾನ್ ಇಲ್ಲದ ವಿಂಡೋಸ್‌ನಲ್ಲಿ ಆ ಹೆಸರು ಅಂಗಡಿ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ನನಗೆ ಅದು ಗೊತ್ತೇ ಇರಲಿಲ್ಲ, ನಾನು ಆ ಬಾಗಿಲು ನೋಡಿಯೇ ಇರಲಿಲ್ಲ. ಸರಿ, ಅವಳು ಪೈಥಾನ್‌ನ ಜಾಲತಾಣಕ್ಕೆ ಹೋಗಿ ಎಲ್ಲಕ್ಕಿಂತ ಹೊಸದನ್ನು ಇಳಿಸಿಕೊಂಡಳು. ಯಾರೇ ಆದರೂ ಹಾಗೇ ಮಾಡುತ್ತಾರೆ. ಹೊಸ ಪೈಥಾನ್ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ. ಅದಕ್ಕೆ ಹೊಂದುವ ಸಿದ್ಧ ಪ್ಯಾಕೇಜು, ಅಂದರೆ ವೀಲ್, ಎಲ್ಲ ಲೈಬ್ರರಿಗಳಿಗೂ ಅದೇ ದಿನ ಬರುವುದಿಲ್ಲ. ಉಪಗ್ರಹ ಚಿತ್ರ ಓದೋಕೆ ನಮಗೆ ಬೇಕಾದ ರಾಸ್ಟೀರಿಯೋ ಲೈಬ್ರರಿಗೆ ಆಗ ವೀಲ್ ಇರಲಿಲ್ಲ. ವೀಲ್ ಸಿಗದಿದ್ದರೆ ಪಿಪ್ ಸುಮ್ನೆ ಕೂರುವುದಿಲ್ಲ, ಸೋರ್ಸ್ ಕೋಡ್ ತಂದು ಕಂಪೈಲ್ ಮಾಡೋಕೆ, ಅಂದರೆ ಕಂಪ್ಯೂಟರ್ ಓಡಿಸುವ ರೂಪಕ್ಕೆ ತರೋಕೆ, ಹೊರಡುತ್ತದೆ. ಅದಕ್ಕೆ ಜಿಡಾಲ್ ಅನ್ನೋ ನಕ್ಷೆ-ಚಿತ್ರಗಳ ಲೈಬ್ರರಿ ಬೇಕು, ಸಿ ಪ್ಲಸ್ ಪ್ಲಸ್ ಕಂಪೈಲರ್ ಬೇಕು. ಪರದೆ ತುಂಬ ಕೆಂಪು ಅಕ್ಷರ. ಅವಳು ಅದರ ಫೋಟೋ ತೆಗೆದು ಕಳಿಸಿದಳು, ಅದೂ ಓರೆಯಾಗಿ.

ಇದಕ್ಕೆ ನನಗೆ ಸಿಕ್ಕ ಒಳ್ಳೆ ಮದ್ದು 'ಓನ್ಲಿ ಬೈನರಿ' ಅನ್ನೋ ಆಯ್ಕೆ. ಅದನ್ನು ಸೇರಿಸಿದರೆ ಪಿಪ್ ಕಂಪೈಲ್ ಮಾಡೋಕೆ ಹೋಗುವುದೇ ಇಲ್ಲ. ವೀಲ್ ಇಲ್ಲದಿದ್ದರೆ 'ಸಿಗಲಿಲ್ಲ' ಅಂತ ಎರಡೇ ಸಾಲಿನಲ್ಲಿ ಹೇಳಿ ನಿಲ್ಲುತ್ತದೆ. ಕೆಲಸ ಕೆಡುವುದಿದ್ದರೆ ಬೇಗ ಕೆಡಲಿ, ಓದೋಕೆ ಆಗುವ ಹಾಗೆ ಕೆಡಲಿ. ಜೊತೆಗೆ ಯಾವ ಪೈಥಾನ್ ಬೇಕು ಅಂತ ನಂಬರ್ ಸಮೇತ ಬರೆದೆ. '3.10 ಅಥವಾ ಹೆಚ್ಚಿನದು' ಅಂತ ಬರೆಯೋದು ಬಿಟ್ಟೆ. ಆ 'ಹೆಚ್ಚಿನದು' ಅನ್ನೋ ಪದವೇ ಅವಳನ್ನು ಅಲ್ಲಿಗೆ ಕಳಿಸಿದ್ದು.

ಮೇಷ್ಟ್ರದ್ದು ಇನ್ನೊಂದು ಕಥೆ. ಎನ್ವಿರಾನ್‌ಮೆಂಟ್ ಸಾಲು ಯಾಕೆ ಬೇಕು ಅಂತ ನಾನು ಬರೆದಿರಲಿಲ್ಲ, ಅದಕ್ಕೆ ಅವರು ಬಿಟ್ಟುಬಿಟ್ಟರು. ಈಚಿನ ಉಬುಂಟುಗಳಲ್ಲಿ ಸಿಸ್ಟಮ್‌ನ ಪೈಥಾನ್‌ಗೆ ಪಿಪ್‌ನಿಂದ ನೇರವಾಗಿ ಏನೂ ಹಾಕೋಕೆ ಬಿಡುವುದಿಲ್ಲ. ಮೇಷ್ಟ್ರು ಬಿಡುವ ಜನವೇ? ಅದೇ ಎರರ್ ಮೆಸೇಜಿನ ಕೊನೆಯಲ್ಲಿ ಒಂದು ದಾರಿ ಕಂಡಿತು, 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅಂತ. ಹಾಕಿಯೇಬಿಟ್ಟರು. "ಹೆಸರಲ್ಲೇ ಮುರೀತೀನಿ ಅಂತ ಇದೆಯಲ್ಲ ಸಾರ್" ಅಂದೆ. "ನೀನು ಬೇಡ ಅಂತ ಬರೆದಿರಲಿಲ್ಲವಲ್ಲಮ್ಮ" ಅಂದರು. ಲೆಕ್ಕದ ಮೇಷ್ಟ್ರ ಹತ್ತಿರ ವಾದ ಮಾಡಬಾರದು.

ಇನ್ನೊಂದು ಪೆಟ್ಟು ನನ್ನ ಕಡೆಯದೇ. ಲೈಬ್ರರಿಗಳ ಪಟ್ಟಿಯಲ್ಲಿ ಆವೃತ್ತಿಯ ನಂಬರ್ ಹಾಕದೆ ಬರೀ ಹೆಸರು ಬರೆದಿದ್ದೆ. 2024ರ ಜೂನ್‌ನಲ್ಲಿ ಅಂಕಿ ಲೆಕ್ಕದ ಲೈಬ್ರರಿ ನಂಪೈನ 2.0 ಆವೃತ್ತಿ ಬಂತು. ಹಳೇ ನಂಪೈಗೆ ಕಂಪೈಲ್ ಆಗಿದ್ದ ಲೈಬ್ರರಿಗಳು ಅದರ ಜೊತೆ ಓಡುವುದಿಲ್ಲ. ಮೇ ತಿಂಗಳಲ್ಲಿ ಸರಿಯಿದ್ದ ಸೂಚನೆ ಒಂದಕ್ಷರ ಬದಲಾಗದೆ ಜೂನ್‌ನಲ್ಲಿ ಕೆಟ್ಟಿತು.

ಕಾಂಡಾ

ಕಾಂಡಾ ಕೂಡ ಪಿಪ್ ಥರದ ಸಲಕರಣೆಯೇ, ಬಂದದ್ದು 2012ರಲ್ಲಿ. ಪೈಥಾನ್ ಲೈಬ್ರರಿ ಮಾತ್ರ ಅಲ್ಲ, ಜಿಡಾಲ್ ಥರದ ಸಿ, ಸಿ ಪ್ಲಸ್ ಪ್ಲಸ್ ಸಾಮಾನನ್ನೂ, ಕೊನೆಗೆ ಪೈಥಾನ್ ಅನ್ನೂ ಅದೇ ತಂದುಕೊಡುತ್ತದೆ. ಹಾಗಾಗಿ ಹುಡುಗಿ ಯಾವ ಪೈಥಾನ್ ಇಳಿಸಬೇಕು ಅನ್ನೋ ಪ್ರಶ್ನೆಯೇ ಇಲ್ಲ. ಸೂಚನೆಯಲ್ಲಿ ಒಂದು ಎಚ್ಚರ ಬೇಕು: ಕಾಂಡಾ ಹಾಕಿಕೊಡುವ ಇನ್‌ಸ್ಟಾಲರ್‌ಗಳಲ್ಲಿ ಮಿನಿಫೋರ್ಜ್ ಹಾಕಿ ಅಂತಲೇ ಬರೆಯಿರಿ. ಅದು ಕಾಂಡಾ-ಫೋರ್ಜ್ ಚಾನೆಲ್‌ನಿಂದ (ಚಾನೆಲ್ ಅಂದರೆ ಪ್ಯಾಕೇಜುಗಳ ಉಗ್ರಾಣ) ಮಾತ್ರ ತರುತ್ತದೆ. ಕಾಂಡಾ ಮಾಡಿದ ಅನಕೊಂಡ ಕಂಪನಿಯ ಸ್ವಂತ ಚಾನೆಲ್‌ಗೆ ದೊಡ್ಡ ಸಂಸ್ಥೆಗಳು ಹಣ ಕೊಡಬೇಕು ಅನ್ನೋ ಷರತ್ತು 2020ರಿಂದ ಇದೆ, ಕಾಂಡಾ-ಫೋರ್ಜ್‌ಗೆ ಅದಿಲ್ಲ. ಎರಡೂ ಚಾನೆಲ್ ಬೆರೆಸಿದರೆ ಹೊಂದದ ಜೋಡಿ ಬಂದು ಕೂರುವುದೂ ಉಂಟು.

ಹಿಂದೆ ಕಾಂಡಾ ಅಂದರೆ ಕಾಯೋದು. 'ಸಾಲ್ವಿಂಗ್ ಎನ್ವಿರಾನ್‌ಮೆಂಟ್' ಅಂತ ತಿರುಗುತ್ತಾ ಇದ್ದರೆ ಅಂತರಗಂಗೆ ಬೆಟ್ಟ ಹತ್ತಿ ಇಳಿದು ಬರಬಹುದಿತ್ತು. 2023ರಲ್ಲಿ, ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಬೇಗ ಲೆಕ್ಕ ಹಾಕುವ ಲಿಬ್‌ಮಾಂಬಾ ಸಾಲ್ವರ್ ಬಂದು ಕೂತ ಮೇಲೆ ಆ ಗೋಳು ಕಡಿಮೆ. ಜಾಗ ಮಾತ್ರ ಪಿಪ್‌ಗಿಂತ ಜಾಸ್ತಿ ತಿನ್ನುತ್ತದೆ, ಡೇಟಾನೂ ಅಷ್ಟೇ. ಹುಡುಗಿಗೆ ದಿನಕ್ಕೆ 1.5 ಜಿಬಿ. ಬೆಳಿಗ್ಗೆ ರೀಲ್ಸ್ ನೋಡದೆ ಇನ್‌ಸ್ಟಾಲ್ ಮಾಡು ಅಂದೆ, ಅದರೊಳಗೇ ಮುಗಿಯಿತು.

ಕಾಂಡಾ ನಿಜವಾಗಿ ಗೆದ್ದಿದ್ದು ಲ್ಯಾಬಿನಲ್ಲಿ. ಪಿಪ್‌ನಲ್ಲಿ ಎಲ್ಲ ಹಾಕಿ, ಎರರ್ ಇಲ್ಲದೆ ಮುಗಿದು, ಓಡಿಸಿದರೆ ನಕ್ಷೆಯ ಅಳತೆ ಪದ್ಧತಿಗಳಿರುವ 'ಪ್ರಾಜ್ ಡಿಬಿ' ಫೈಲು ಹಳೆಯದು ಅಂತ ನಿಂತಿತು. ಅರ್ಧ ದಿನ ತಲೆ ಕೆಡಿಸಿಕೊಂಡೆ. ಹಿಂದೆ ಯಾರೋ ಆ ಕಂಪ್ಯೂಟರ್‌ಗೆ ನಕ್ಷೆ ಇಡುವ ಡೇಟಾಬೇಸ್ ತಂತ್ರಾಂಶ ಹಾಕಿದ್ದರು. ಅದು ವಿಂಡೋಸ್‌ನಲ್ಲಿ 'ಪ್ರಾಜ್ ಲಿಬ್' ಅನ್ನೋ, ಎಲ್ಲ ಪ್ರೋಗ್ರಾಂಗಳಿಗೂ ಕಾಣುವ ವೇರಿಯಬಲ್‌ಗೆ ತನ್ನ ಫೋಲ್ಡರ್ ವಿಳಾಸ ಬರೆದಿಟ್ಟು ಹೋಗಿತ್ತು. ನಮ್ಮ ಪ್ರೋಗ್ರಾಂ ಪಾಪ ಆ ವಿಳಾಸಕ್ಕೆ ಹೋಗಿ ಹಳೇ ಫೈಲ್ ಎತ್ತಿಕೊಂಡು ಬರುತ್ತಿತ್ತು. ಕಾಂಡಾದಲ್ಲಿ ಎನ್ವಿರಾನ್‌ಮೆಂಟ್ ಆಕ್ಟಿವೇಟ್ ಮಾಡಿದಾಗ ಅದು ತನ್ನದೇ ವಿಳಾಸ ಹಾಕಿಕೊಳ್ಳುತ್ತದೆ. ಅದೇ ಕಂಪ್ಯೂಟರ್, ಅದೇ ಕಸ, ಆದರೂ ಓಡಿತು.

ಬರೆಯುವವರಿಗೆ ಒಂದು ಕಿವಿಮಾತು. ಎನ್ವಿರಾನ್‌ಮೆಂಟ್ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ ಹಾಗೇ ಹಂಚಬೇಡಿ. ಅದರಲ್ಲಿ ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಸಿಗುವ ಬಿಲ್ಡ್ ನಂಬರ್ ಇರುತ್ತವೆ. ನನ್ನ ಲಿನಕ್ಸ್ ಪಟ್ಟಿಯನ್ನು ಅವಳ ವಿಂಡೋಸ್ ತಿರಸ್ಕರಿಸಿದ್ದು ಹಾಗೇ. 'ಫ್ರಮ್ ಹಿಸ್ಟರಿ' ಆಯ್ಕೆ ಕೊಟ್ಟರೆ ನೀವು ಕೇಳಿ ಹಾಕಿಸಿಕೊಂಡ ಹೆಸರುಗಳು ಮಾತ್ರ ಬರುತ್ತವೆ. ಅದಕ್ಕೆ ನಂಬರ್‌ಗಳನ್ನು ಕೈಯಾರೆ ಸೇರಿಸಿದೆ.

ಡಾಕರ್

ಕಾಗದದ ಮೇಲೆ ಇದೇ ರಾಜ. ಪ್ರೋಗ್ರಾಂ, ಅದಕ್ಕೆ ಬೇಕಾದ ಸಾಮಾನು ಎಲ್ಲ ಒಟ್ಟಿಗೇ ಬರುತ್ತದೆ, ನನ್ನ ಇಡೀ ಅಡುಗೆಮನೆಯನ್ನೇ ಡಬ್ಬಿಯಲ್ಲಿ ಕಟ್ಟಿ ಕಳಿಸಿದ ಹಾಗೆ. ಆದರೆ ಡಬ್ಬಿ ಇಳಿಸಬೇಕಲ್ಲ. ನಾನು ಕಟ್ಟಿದ ಡಬ್ಬಿ, ಡಾಕರ್ ಭಾಷೆಯಲ್ಲಿ ಇಮೇಜು, ಹುಡುಗಿಯ ಒಂದು ದಿನದ ಡೇಟಾ ಪೂರ್ತಿ ತಿಂದು, ಮಧ್ಯದಲ್ಲೇ ನಿಂತಿತು. ವಿಂಡೋಸ್‌ನಲ್ಲಿ ಡಾಕರ್ ಓಡಬೇಕಾದರೆ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗಿಗೆ, ಹೋಗಿ ವರ್ಚುವಲೈಸೇಶನ್ ಆನ್ ಮಾಡಿರಬೇಕು. 'ಬಯಾಸ್‌ಗೆ ಹೋಗಿ' ಅಂತ ಸೂಚನೆಯಲ್ಲಿ ಬರೆದ ದಿನವೇ ನನಗೆ ಗೊತ್ತಾಯಿತು, ಇದು ಆಗೋ ಮಾತಲ್ಲ ಅಂತ. ಲ್ಯಾಬಿನಲ್ಲಿ ಅಡ್ಮಿನ್ ಇಲ್ಲ, ಅಲ್ಲಿಗೆ ಅದೂ ಮುಗಿಯಿತು. ಮೇಷ್ಟ್ರ ಉಬುಂಟುನಲ್ಲಿ ಮಾತ್ರ ಚೆನ್ನಾಗಿ ಓಡಿತು. ಆದರೆ ಫಲಿತಾಂಶದ ಫೈಲುಗಳೆಲ್ಲ ರೂಟ್, ಅಂದರೆ ಅಡ್ಮಿನ್, ಹೆಸರಿನಲ್ಲಿ ಬಂದು, ಅವರೇ ಅಳಿಸೋಕೆ ಹೋದರೆ ಅನುಮತಿ ಇಲ್ಲ ಅಂತಿತ್ತು. "ನನ್ನ ಮನೇಲಿ ನನಗೇ ಬೀಗವಾ?" ಅಂತ ಕೇಳಿದರು.

ಸರ್ವರ್‌ನಲ್ಲಿ ಓಡಿಸುವವರಿಗೆ ಡಾಕರ್ ಇಟ್ಟಿದ್ದೇನೆ. 'ಲೇಟೆಸ್ಟ್' ಅನ್ನೋ ಟ್ಯಾಗ್ ಬೇಡ, ನಂಬರ್ ಇರುವ ಟ್ಯಾಗ್ ಕೊಡಿ. ಅಷ್ಟೇ.

ಪೆನ್‌ಡ್ರೈವ್

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನಾನೂ ತೆಗೆದುಕೊಂಡಿರಲಿಲ್ಲ. ಕಾಂಡಾ-ಪ್ಯಾಕ್ ಅಂತ ಒಂದು ಸಲಕರಣೆ ಇದೆ. ಸಿದ್ಧವಾದ ಎನ್ವಿರಾನ್‌ಮೆಂಟನ್ನೇ ಗಂಟು ಕಟ್ಟಿಕೊಡುತ್ತದೆ. ಇನ್ನೊಂದು ಕಂಪ್ಯೂಟರ್‌ನಲ್ಲಿ ಬಿಚ್ಚಿ, ಆಕ್ಟಿವೇಟ್ ಮಾಡಿ, 'ಕಾಂಡಾ ಅನ್‌ಪ್ಯಾಕ್' ಓಡಿಸಿದರೆ ಆಯಿತು. ಅಡ್ಮಿನ್ ಬೇಡ, ನೆಟ್ ಬೇಡ. ಒಂದೇ ಷರತ್ತು, ವಿಂಡೋಸ್‌ನಲ್ಲಿ ಕಟ್ಟಿದ್ದು ವಿಂಡೋಸ್‌ಗೇ. ಲ್ಯಾಬಿನ ಐದು ಕಂಪ್ಯೂಟರ್‌ಗೂ ಒಂದೇ ಮಧ್ಯಾಹ್ನ ಹಾಕಿದೆವು, ಮಧ್ಯೆ ಒಂದು ಸಲ ಕರೆಂಟ್ ಹೋದದ್ದೂ ಸೇರಿ. ಫೋಲ್ಡರ್ ಮಾತ್ರ ಡ್ರೈವಿನ ಬುಡದಲ್ಲೇ, ಚಿಕ್ಕ ಹೆಸರಿನಲ್ಲಿ ಇಟ್ಟೆವು. ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ತಕರಾರು.

ಈಗ ಸೂಚನೆ ಹೇಗಿದೆ ಅಂದರೆ, ಮೊದಲು ಕಾಂಡಾ. ನೆಟ್ ಇಲ್ಲದ ಕಡೆಗೆ ಪೆನ್‌ಡ್ರೈವ್. ಪೈಥಾನ್ ಚೆನ್ನಾಗಿ ಬಲ್ಲವರಿಗೆ ಪಿಪ್. ಡಾಕರ್ ಕೊನೆಗೆ. ಡಾಲರ್ ಚಿಹ್ನೆ ಎಲ್ಲೂ ಇಲ್ಲ. ಕಮಾಂಡುಗಳನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲೇ ಕೊಡುತ್ತೇನೆ. ವರ್ಡ್ ಫೈಲಿನಲ್ಲಿ ಕೊಟ್ಟಾಗ ಎರಡು ಸಣ್ಣ ಗೆರೆ ಒಂದು ಉದ್ದ ಗೆರೆಯಾಗಿ, ನೇರ ಉದ್ಧರಣ ಚಿಹ್ನೆ ಡೊಂಕಾಗಿ, ಕಣ್ಣಿಗೆ ಸರಿ ಕಂಡರೂ ಕಮಾಂಡ್ ಓಡುತ್ತಿರಲಿಲ್ಲ.

ನಾಲ್ಕೂ ದಾರಿಯ ಕೊನೆಗೆ ಒಂದೇ ಪರೀಕ್ಷೆ ಇಟ್ಟೆ. ಜೊತೆಯಲ್ಲೇ ಬರುವ ಸಣ್ಣ ಮಾದರಿ ಚಿತ್ರವನ್ನು ಓಡಿಸಬೇಕು. ಅದರಲ್ಲಿ ನೀರಿನ ಚೌಕ 412 ಇವೆ, ಉತ್ತರ 4.12 ಹೆಕ್ಟೇರ್ ಬರಬೇಕು. ಬೇರೆ ಏನೇ ಬಂದರೂ ಇನ್‌ಸ್ಟಾಲ್ ಆಗಿಲ್ಲ ಅಂತಲೇ ಲೆಕ್ಕ. ಇದು ಸೇರಿಸಿದ ಮೇಲೆ 'ಆಯ್ತು ಅನ್ಸುತ್ತೆ ಅಕ್ಕ' ಅನ್ನೋ ಫೋನು ನಿಂತಿವೆ. ಮೇಷ್ಟ್ರಂತೂ "4.12" ಅಂತ ಬರೀ ಅಂಕಿ ಮೆಸೇಜ್ ಮಾಡಿದರು, ಜೊತೆಗೆ ಒಂದು ಟಿಕ್ ಗುರುತು, ಪರೀಕ್ಷೆ ಪೇಪರ್ ತಿದ್ದಿದ ಹಾಗೆ.

ಪ್ರತಿ ದಾರಿಯ ಪಕ್ಕದಲ್ಲಿ ಅದನ್ನು ಕೊನೇ ಸಲ ಖಾಲಿ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ ತಾರೀಖು ಬರೆದಿದ್ದೇನೆ. ಮ್ಯಾಕ್ ಇರುವವರು ನಮಗೆ ಇನ್ನೂ ಯಾರೂ ಸಿಕ್ಕಿಲ್ಲ. ಆ ಸಾಲಿನ ಎದುರು 'ಪರೀಕ್ಷೆ ಮಾಡಿಲ್ಲ' ಅಂತಲೇ ಇದೆ.